ಸಿಸ್ಟಮ್‌ನಲ್ಲಿ ಇಲ್ಲ

“ಕೀಬೋರ್ಡಿನಿಂದ ಕೈ ತೆಗೀರಿ. ಎಲ್ರೂ.”

ಇನ್ಸ್‌ಪೆಕ್ಟರ್ ಹೇಳಿದ್ದೇ ತಡ, ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೈಗಳೆಲ್ಲ ಮೇಲೆದ್ದವು. ಹೊಸದಾಗಿ ಸೇರಿದವನ ಕೈ ಮಾತ್ರ ತುಸು ತಡವಾಗಿ ಎದ್ದಿತು. ಅವನನ್ನು ಅಲ್ಲಿ ಎಲ್ಲರೂ ಮರಿ ಎನ್ನುತ್ತಿದ್ದರು.

ಮಂಗಳವಾರ ಠಾಣೆಗೆ ಬಂದ ದೂರು ಚಿಕ್ಕದು. ಆಗದ ಇಂಜೆಕ್ಷನ್ ಕೊಟ್ಟು ತಾಯಿಯನ್ನು ಕೊಂದರೆಂದು ಮಗ ಬರೆದುಕೊಟ್ಟಿದ್ದ. ಎಫ್‌ಐಆರ್ ನರ್ಸಿನ ಮೇಲೆ. ಯಾರಿಗೆ ಯಾವ ಮದ್ದು ಆಗದು ಎಂಬ ಪಟ್ಟಿಯ ಟೇಬಲ್ ಕಂಪ್ಯೂಟರಿನ ಡೇಟಾಬೇಸಿನಲ್ಲಿದೆ, ಅದರಲ್ಲಿ ಮುದುಕಿಯ ಹೆಸರೂ ಇದೆ, ನರ್ಸ್ ನೋಡಿಲ್ಲ ಎಂದು ಆಸ್ಪತ್ರೆ ಕೈ ತೊಳೆದುಕೊಂಡಿತ್ತು. ನರ್ಸ್ ಮಾತ್ರ ಒಂದೇ ಮಾತು ಹಿಡಿದು ಕೂತಿದ್ದಳು: “ನೋಡಿದೆ ಸಾರ್. ಪರದೆ ಖಾಲಿ ಇತ್ತು.”

“ಸುಳ್ಳು ಹೇಳೋರು ಇನ್ನೊಂದೆರಡು ಮಾತು ಸೇರಿಸ್ತಾರೆ ಸಾರ್. ಈಯಮ್ಮ ಸೇರಿಸ್ತಿಲ್ಲ,” ಎಂದಿದ್ದ ಕಾನ್‌ಸ್ಟೆಬಲ್. ಆ ಮಾತೇ ಇನ್ಸ್‌ಪೆಕ್ಟರನ್ನು ಇಲ್ಲಿಗೆ ಎಳೆದು ತಂದಿತ್ತು.

ಪಂಚನಾಮೆ ಶುರುವಾಯಿತು.

“ಆ ಟೇಬಲ್ ಹುಟ್ಟಿದ್ದು ಯಾವಾಗ ಅಂತ ಯಂತ್ರ ಹೇಳುತ್ತಾ?”

ಕೋಣೆಯ ಮುಖ್ಯಸ್ಥ ಹುಡುಕಿದ. “ಸೋಮವಾರ ಬೆಳಿಗ್ಗೆ.”

“ಅಜ್ಜಿ ಹೋಗಿದ್ದು ಭಾನುವಾರ,” ಎಂದ ಕಾನ್‌ಸ್ಟೆಬಲ್, ಬರೆಯುವುದನ್ನು ನಿಲ್ಲಿಸಿ.

“ಯಾರ ಲಾಗಿನ್ ಖಾತೆಯಲ್ಲಿದೆ?” ಎಂದರು ಇನ್ಸ್‌ಪೆಕ್ಟರ್.

“ಸಿಸ್ಟಮ್ ಅನ್ನೋ ಖಾತೆ. ಅದು ಡೇಟಾಬೇಸಿನ ಸ್ವಂತದ್ದು, ನಮ್ಮ ಸಾಮಾನು ಅಲ್ಲಿಡಬಾರದು. ಯಂತ್ರ ಬದಲಾಯಿಸುವಾಗ ನಾವು ಆಸ್ಪತ್ರೆ ಖಾತೆ ಮಾತ್ರ ನಕಲು ಮಾಡ್ಕೊಂಡು...” ಯಂತ್ರ ಬದಲಾದದ್ದು ಶನಿವಾರ. ಹಳೆಯದನ್ನು ಆಗಲೇ ಅಳಿಸಿ ಗುಜರಿಗೆ ಕಳಿಸಿದ್ದರು. ಸಿಸ್ಟಮ್ ಖಾತೆಯಲ್ಲಿದ್ದ ಮೊದಲಿನ ಟೇಬಲ್ಲೂ ಅದರೊಂದಿಗೇ ಹೋಗಿತ್ತು.

ಮರಿ ತಾನಾಗಿಯೇ ಬಾಯಿ ಬಿಟ್ಟ. “‘ಈ ಪಟ್ಟಿ ಸಿಸ್ಟಮ್‌ಗೆ ಹಾಕು ಮರಿ’ ಅಂದ್ರಲ್ಲ ಸಾರ್ ನೀವು. ನೋಡಿದ್ರೆ ಆ ಹೆಸರಿನ ಖಾತೇನೇ ಇತ್ತು. ಪಾಸ್‌ವರ್ಡ್ ಗೋಡೆ ಮೇಲಿತ್ತು. ಅದೇ ಅಂದ್ಕೊಂಡೆ.”

“ಕಂಪ್ಯೂಟರಿಗೆ ಹಾಕು ಅಂದಿದ್ದು ಕಣೋ!” ಮುಖ್ಯಸ್ಥ ತಲೆ ಹಿಡಿದುಕೊಂಡ.

“ಒಂದು ಮಾತು ಕೇಳಬಹುದಿತ್ತಲ್ಲ?” ಎಂದರು ಇನ್ಸ್‌ಪೆಕ್ಟರ್.

“ಸೇರಿದ ಹೊಸದ್ರಲ್ಲಿ ಕೇಳಿದ್ದೆ. ಕೋಣೆ ಪೂರ್ತಿ ನಕ್ಕಿತು. ಮರಿ ಅಂತ ಹೆಸರು ಬಿದ್ದಿದ್ದು ಆವತ್ತೇ.”

“ಸೋಮವಾರ ಏನು ಮಾಡಿದೆ?”

“ಅಜ್ಜಿ ಹೋದ್ರು ಅಂತ ಗೊತ್ತಾಯ್ತು. ಹಳೆ ಕಡತ ನೋಡಿ ಮತ್ತೆ ತುಂಬಿಸಿದೆ. ಗಾಬರೀಲಿ ಮತ್ತೆ ಅದೇ ಖಾತೇಲಿ. ಸಿಸ್ಟರ್ ಮೇಲೆ ಬರುತ್ತೆ ಅಂತ ಯೋಚಿಸ್ಲಿಲ್ಲ ಸಾರ್.” ಬಾಗಿಲ ಕಡೆ ನೋಡಿದ. “ಯೋಚಿಸಿದ್ದೆ.”

ಸಾಕ್ಷ್ಯ ತಿರುಚಿದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ನಗೆಗೆ ಹೆದರಿದ ಹುಡುಗ ಎಂದು ವರದಿಯಲ್ಲಿ ಬರೆಯಲು ಜಾಗವಿರಲಿಲ್ಲ. ಇನ್ಸ್‌ಪೆಕ್ಟರ್ ಕೋಣೆಯವರನ್ನೆಲ್ಲ ಒಮ್ಮೆ ನೋಡಿದರು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ನರ್ಸ್ ಕೂತಿದ್ದಳು. ಆಸ್ಪತ್ರೆಯ ಹಿರಿಯ ಡಾಕ್ಟರು, ಪೊಲೀಸರು ಕರೆದೊಯ್ಯುತ್ತಿದ್ದ ಮರಿಯನ್ನು ದಾಟಿಕೊಂಡು ಅವಳ ಬಳಿ ಬಂದರು. “ನಿಮ್ಮ ತಪ್ಪಿಲ್ಲ ಅಂತಾಯ್ತಲ್ಲ ಸಿಸ್ಟರ್. ನಾಳೆಯಿಂದ ಡ್ಯೂಟಿಗೆ ಬನ್ನಿ.”

“ಸೂಜಿ ಚುಚ್ಚೋ ಮುಂಚೆ ಅಜ್ಜಿ ನನ್ನ ಕೈ ಹಿಡ್ಕೊಂಡ್ರು,” ಎಂದಳು ಅವಳು. “ಇದು ನನಗೆ ಆಗಲ್ಲ ಮಗಳೇ ಅಂದ್ರು. ನಾನು ಪರದೆ ತೋರಿಸ್ದೆ. ಸಿಸ್ಟಮ್‌ನಲ್ಲಿ ಇಲ್ಲಮ್ಮ ಅಂದೆ.”

“ಆದದ್ದು ಆಯ್ತು. ಸಂಬಳ, ರಜೆ ಎಲ್ಲ ಸರಿ ಮಾಡಿಸ್ತೀನಿ. ನಾಳೆ...”

“ಬರಲ್ಲ,” ಎಂದಳು ನರ್ಸ್.