ಕುಂಕುಮ ಇಳಿದ ಹಾಳೆ

ಅಂದು ತನ್ನ ಕಣ್ಣು ಎಲ್ಲಿತ್ತು? ಶಿವಾಜಿನಗರದ ಪೇಟೆಂಟ್ ವಕೀಲರ ಕಚೇರಿಯಲ್ಲಿ ಕುಳಿತ ಮನೋಜನಿಗೆ ಅದೊಂದೇ ಯೋಚನೆ. ಎದುರಿಗೆ ಕಕ್ಷಿದಾರ ಮಧುಕರ, ಟೈಪಿಸ್ಟ್ ಮಾಧುರಿ. ನಡುವೆ, ಕಳೆದ ಕಾಗದ ಹುಡುಕುವುದರಲ್ಲಿ ಕೋರ್ಟಿನವರೆಗೂ ಹೆಸರಾದ ಹಿರಿಯ ಗುಮಾಸ್ತ ಈರಬಸಪ್ಪ. ಇಂಥ ಹುಡುಕಾಟಗಳಲ್ಲಿ ಮನೋಜನೇ ಅವರ ಬಲಗೈ.

ಮಧುಕರ ಕಂಡುಹಿಡಿದ ಪಾಲಿಮರ್ ಫಿಲ್ಮಿಗೆ ಗಟ್ಟಿಗೊಳಿಸುವ ರಾಸಾಯನಿಕ ಶೇಕಡಾ ಐದರಿಂದ ಹದಿನೈದು ಬೇಕು. ಪೇಟೆಂಟಿನಲ್ಲಿ ಮಾತ್ರ ಹತ್ತರಿಂದ ಎಂದಿತ್ತು. ಏಳು ಬೆರೆಸಿದ ಎದುರಾಳಿ ಹಕ್ಕಿನ ವ್ಯಾಪ್ತಿಯಿಂದ ಹೊರಗುಳಿದು ಗೆದ್ದಿದ್ದ. ಸೋಮವಾರ ಮೇಲ್ಮನವಿ. ಐದೆಂದೇ ಬರೆದುಕೊಟ್ಟಿದ್ದೆ ಎಂದು ಮಧುಕರ ಹಟ ಹಿಡಿದಿದ್ದ. ಆ ಕೈಬರಹ ಸಿಕ್ಕರೆ ತಿದ್ದುಪಡಿ ಕೇಳಬಹುದು, ಸಿಗದಿದ್ದರೆ ಕಾರ್ಖಾನೆಗೆ ಬೀಗ. ಅಂಥ ಹಾಳೆ ಬಂದೇ ಇರಲಿಲ್ಲ ಎಂದಿದ್ದಳು ಮಾಧುರಿ.

ಈರಬಸಪ್ಪ ಕಡತ ಬಿಚ್ಚಿದರು. "ಖಂಡೇನವಮಿ ಆಯುಧಪೂಜಿಗೆ ನಾವು ಕಕ್ಷಿದಾರರ ಕೈಬರಹಕ್ಕ ಎಣ್ಣಿ ಕಲಸಿದ ಕುಂಕುಮ ಹಚ್ತೀವಿ. ಈ ಟೈಪ್ ಹಾಳಿ ನೋಡ್ರಿ, ಕುಂಕುಮದ ಎಣ್ಣಿ ಮ್ಯಾಲಿಂದ ಇಳದದ. ಮ್ಯಾಲಿನ ಹಾಳಿಗೆ ಒಂದ್ ಚುಕ್ಕಿನೂ ಇಲ್ಲ. ಅಂದ್ರ ನಡುವಿನದು ಹೋಗೇದ."

ಕಲೆ ಇನ್ನೂ ಹಸಿಯಾಗಿತ್ತು. ಅಂದರೆ ಎಂಟು ದಿನದ ಹಿಂದಿನ ಪೂಜೆಯವರೆಗೂ ಹಾಳೆ ಅಲ್ಲೇ ಇತ್ತು. ಪೂಜೆ ಮಾಡಿದವಳೂ, ಅಂದಿನಿಂದ ಕಪಾಟಿನ ಕೀಲಿ ಇಟ್ಟುಕೊಂಡವಳೂ ಒಬ್ಬಳೇ ಎಂದು ಅವರು ಮೆಲ್ಲಗೆ ಹೇಳಿದರು.

ಮಾಧುರಿ ಊಟದ ಡಬ್ಬಿಯ ಚೀಲದಿಂದ ಮಡಚಿದ ಹಾಳೆ ತೆಗೆದಳು. 'ಐದು' ಎಂಬಲ್ಲಿ ಅವಳದೇ ಕೆಂಪು ಗುರುತು. ಸಲ್ಲಿಸುವ ಮುಂಚೆ ಒಬ್ಬರು ಟೈಪ್ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೈಬರಹದೊಂದಿಗೆ ತಾಳೆ ನೋಡಿ, ಸರಿಯಿದ್ದಲ್ಲಿ ಗುರುತು ಹಾಕಬೇಕು, ಇದು ಆ ಕಚೇರಿಯ ಪದ್ಧತಿ.

"ಮನೋಜಣ್ಣ ಹತ್ತಂತ ಓದಿದಾಗ ನನ್ನ ಲಕ್ಷ ಎಲ್ಲೋ ಇತ್ತು ಕಾಣ್ತದ್ರಿ. ಕೆಲಸ ಹೋಗ್ತದಂತ ತಗದೆ. ಸುಡಾಕ ಹೋದೆ, ಕುಂಕುಮ ಬಿದ್ದ ಕಾಗದ, ಕೈ ಬರಲಿಲ್ಲ."

ಮಧುಕರ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

ಈರಬಸಪ್ಪ ಮನೋಜನನ್ನು ನೋಡಿದರು. "ಓದಿದವ ನೀನಲ್ಲಾ. ನಿಂದೇನರ ತಪ್ಪು ಅದ ಏನಪಾ?"

"ಇಲ್ಲ ಸರ್," ಎಂದ ಮನೋಜ.

ಮಾಧುರಿ ಸಂಜೆಯೇ ಕೆಲಸ ಬಿಟ್ಟು, ಕೀಲಿ ಒಪ್ಪಿಸಿ, ಮನೆಗೆ ಕೋಥರೂಡದ ಬಸ್ಸು ಹತ್ತಿದಳು. ಮನೋಜ ಕಿಟಕಿಯಿಂದ ನೋಡುತ್ತ ನಿಂತಿದ್ದ. ಅಂದು 'ಹತ್ತು' ಎಂದಿದ್ದ ಟೈಪ್ ಪ್ರತಿ ನೋಡದೆ, ಬಾಯಿಪಾಠವಾಗಿದ್ದ ಸಾಲನ್ನು 'ಐದು' ಎಂದೇ ಓದಿಬಿಟ್ಟಿದ್ದೆ, ಅವಳ ಗುರುತು ಸರಿಯಾಗಿಯೇ ಇತ್ತು ಎಂದು ಅವನು ಯಾರಿಗೂ ಹೇಳಲಿಲ್ಲ.