ಹೊಟ್ಟೆಕಿಚ್ಚಿಗೆ ತೋಡಿದ ಜೌಗು

"ಏಯ್! ಯಾರದು ನನ್ನ ಗಿಡ ಮುಟ್ತಿರೋದು?"

ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಬಗ್ಗಿದ್ದ ಗಂಡಸು ನಿಧಾನವಾಗಿ ತಿರುಗಿದ.

ಆಲ್ಸೀಡ್ ರೊಮೆರೊ!

ಓಡೀಲ್ ಏರಿಯ ಮೇಲೇ ನಿಂತಳು. ಕಳೆದ ವರ್ಷದಿಂದ ಈ ಮುಖ ಎದುರಾದರೆ ಸಾಕು, ಅವಳು ರಸ್ತೆ ದಾಟಿಬಿಡುತ್ತಿದ್ದಳು. ಈಗ ಅವನು ಅವಳ ಜಮೀನಿನಲ್ಲೇ!

"ನಿಮಗೇನು ಕೆಲಸ ಇಲ್ಲಿ? ನನ್ನ ಜೌಗು ಸಾಯೋದನ್ನ ನೋಡಿ ನಗೋಕೆ ಬಂದ್ರಾ?"

"ನಗೋಕೆ ಇಷ್ಟು ಬೇಗ ಯಾರು ಏಳ್ತಾರೆ, ಮಿಸ್ ಓಡೀಲ್?"

ಮಿಸ್ ಓಡೀಲ್! ಹಿಂದೆಲ್ಲ ಬರೀ ಓಡೀಲ್ ಆಗಿದ್ದೆನಲ್ಲ...

ಲೂಯಿಸಿಯಾನಾದ ನಮ್ಮ ಕಡೆ ಮನೆ ಕಟ್ಟಿ ಮಾರುವವರಿಗೆ ಇರುವ ತಲೆನೋವು ಇದೇ. ನೆಲ ಅರ್ಧ ನೀರು. ಒಂದು ಕಡೆ ಜೌಗಿಗೆ ಮಣ್ಣು ತುಂಬಿದರೆ, ಕಾನೂನಿನಂತೆ ಬದಲಿಗೆ ಇನ್ನೊಂದು ಕಡೆ ಜೌಗು ಎಬ್ಬಿಸಿ ಕೊಡಬೇಕು. ನೀವೇ ಎಬ್ಬಿಸಬಹುದು. ಇಲ್ಲವೇ ಆಲ್ಸೀಡನಂಥವರ ಜೌಗು ಬ್ಯಾಂಕಿನಿಂದ ನಿಮ್ಮ ಪಾಲು ಕೊಳ್ಳಬಹುದು. ಅವನು ಅಜ್ಜನ ಕಾಲದ ಭತ್ತದ ಗದ್ದೆಗೆ ನೀರು ತಿರುಗಿಸಿ, ನೀರಲ್ಲೇ ಬೆಳೆಯುವ ಸೈಪ್ರೆಸ್ ಮರಗಳ ಕಾಡನ್ನು ಮೊದಲೇ ಬೆಳೆಸಿಟ್ಟಿದ್ದ. ಕೊಂಡವರು ನೆಮ್ಮದಿಯಾಗಿ ಮನೆ ಕಟ್ಟಿಕೊಳ್ಳುತ್ತಾರೆ. ಗಿಡ ಬದುಕಿತೋ ಸತ್ತಿತೋ, ಆ ಹೊಣೆ ಅವನದು.

ಓಡೀಲ್ ಕೊಳ್ಳುವವಳೇ ಇದ್ದಳು. ಅಪ್ಪ ಗೂಟ ಹೊಡೆದು ಗುರುತು ಮಾಡಿಹೋದ ಬಡಾವಣೆಯನ್ನು ಮುಗಿಸಬೇಕೆಂಬುದು ಅವಳ ಒಂದೇ ಹಟ. ಅದಕ್ಕಾಗಿ ಆಲ್ಸೀಡನ ದೋಣಿ ಹತ್ತಿ ಕಾಡು ನೋಡಲು ಹೋದಳು. ಆದರೆ ನೋಡಿದ್ದು ಕಾಡನ್ನೇ? ಹುಟ್ಟು ಹಾಕುವ ಆ ಕೈಗಳನ್ನು... ಕಣ್ಣಂಚಿನ ಆ ನಗುವನ್ನು...

ಆಮೇಲೆ ಬಂದಿತ್ತು ಈಸ್ಟರ್‌ಗೆ ಮುಂಚಿನ ಒಂದು ಶುಕ್ರವಾರ, ಚರ್ಚಿನ ಅಂಗಳದ ಊಟ.

ಖಾರದಲ್ಲಿ ಬೆಂದ ಕೆಸರು ಸಿಗಡಿಯನ್ನು ಕಾಗದ ಹಾಸಿದ ಮೇಜಿನ ಮೇಲೆ ಸುರಿದರೆ, ನಮ್ಮಲ್ಲಿ ಅವರವರದನ್ನು ಅವರವರೇ ಸುಲಿದು ತಿನ್ನಬೇಕು. ತಾಯಿ ಮಗುವಿಗೆ ಸುಲಿದುಕೊಡುತ್ತಾಳೆ. ಗಂಡೊಬ್ಬ ಹೆಣ್ಣೊಬ್ಬಳಿಗೆ ಸುಲಿದುಕೊಟ್ಟರೆ ಮಾತ್ರ, ಇಡೀ ಮೇಜು ಮದುವೆಯ ಮಾತೆತ್ತುತ್ತದೆ.

ಅಂದು ಆಲ್ಸೀಡ್ ಸುಲಿದುಕೊಟ್ಟಿದ್ದು ಕೊರಿನ್‌ಗೆ!

ಪಟ್ಟಣದಿಂದ ಬಂದ ಚೆಲುವೆ. ಅವಳದೂ ಮನೆ ಕಟ್ಟುವ ಕಸುಬೇ, ಅವನ ಬ್ಯಾಂಕಿನ ಹೊಸ ಗಿರಾಕಿ. ಮೇಜಿನ ಆ ತುದಿಯಲ್ಲಿ ಅವನು ಒಂದೊಂದಾಗಿ ಸುಲಿದು ಮುಂದಿಡುವುದು, ಅವಳು ನಗುನಗುತ್ತಾ ತಿನ್ನುವುದು...

ಓಡೀಲ್ ತಿನ್ನುವುದನ್ನು ಅರ್ಧಕ್ಕೇ ಬಿಟ್ಟು ಎದ್ದು ಮನೆಗೆ ನಡೆದಳು.

"ಅವನಿಂದ ಏನೂ ಕೊಳ್ಳಲ್ಲ. ನನ್ನ ಜೌಗು ನಾನೇ ತೋಡಿಸ್ತೀನಿ!"

"ನಿನಗೆ ಬೇಕಿರೋದು ಜೌಗೋ ಗಂಡೋ, ಅದನ್ನ ಮೊದಲು ತೀರ್ಮಾನ ಮಾಡು ಮಗಳೇ," ಎಂದಿದ್ದಳು ಅಪ್ಪನ ಅಕ್ಕ ಯೂಲಾ ಅತ್ತೆ.

ಕೇಳಲಿಲ್ಲ. ತೋಡಿಸಿದಳು, ನೆಟ್ಟಳು. ನೀರುಹೆಗ್ಗಣಗಳು ಸಸಿಗಳನ್ನು ಬುಡದಲ್ಲೇ ಕತ್ತರಿಸಿದವು. ಉಳಿದ ಜಾಗಕ್ಕೆ ಕಳೆ ನುಗ್ಗಿತು. ತಪಾಸಣೆಯವರು ಬಂದು ತಲೆಯಾಡಿಸಿ ಹೋದರು. ಜೌಗು ಚಿಗುರುವವರೆಗೆ ಮುಂದಿನ ಸಾಲಿನ ಮನೆಗಳಿಗೆ ಅನುಮತಿ ಇಲ್ಲ. ಅಪ್ಪನ ಗೂಟಗಳ ಸುತ್ತ ಹುಲ್ಲು ಬೆಳೆಯಿತು. ಅತ್ತ ಕೊರಿನ್ ಕಟ್ಟಿದ ಮನೆಗಳಲ್ಲಿ ಪರದೆ ತೂಗಿತು, ಮಕ್ಕಳ ಸೈಕಲ್ ನಿಂತವು. ಆ ಪರದೆ ಕಂಡಾಗಲೆಲ್ಲ ಓಡೀಲಳಿಗೆ ಉರಿ.

ಈಗ ಅವಳ ಕಣ್ಣು ಆಲ್ಸೀಡನ ಕೈಗೆ ಹೋಯಿತು. ತಂತಿ ಬಲೆಯ ಸುರುಳಿ! ಅವನ ಹಿಂದೆ ಸಾಲು ಸಾಲು ಸಸಿಗಳಿಗೆ ಬಲೆಯ ಅಂಗಿ ತೊಡಿಸಿತ್ತು.

"ಇದು... ಹೆಗ್ಗಣಕ್ಕಾ?"

"ಹೂಂ. ನೆಟ್ಟ ದಿನವೇ ಸುತ್ತಬೇಕಿತ್ತು."

"ನನ್ನ ಗಿಡ ಬದುಕಿದ್ರೆ ನಿಮ್ಮ ಹತ್ರ ಕೊಳ್ಳೋಕೆ ನಾನು ಬರೋದೇ ಇಲ್ವಲ್ಲ!"

"ಕೆಟ್ಟ ವ್ಯಾಪಾರ, ಗೊತ್ತು. ಆದ್ರೆ ನಿಮ್ಮಪ್ಪನ ಗೂಟಗಳ ಮುಂದೆ ದಿನಾ ಒಬ್ಬರೇ ನಿಂತಿರ್ತೀರಿ. ನೋಡೋಕಾಗಲಿಲ್ಲ."

ಅವಳು ಬಲೆ ತೊಟ್ಟ ಸಸಿಗಳತ್ತ ನೋಡಿದಳು. ಜೊತೆಗೇ ವರ್ಷದಿಂದ ಕುದ್ದದ್ದು ಉಕ್ಕಿಬಂತು.

"ಹಾಗಿದ್ರೆ ಅವಳಿಗೆ ಯಾಕೆ ಸುಲಿದುಕೊಟ್ಟೆ?"

"ಏನು?"

"ಸಿಗಡಿ! ಕೊರಿನ್‌ಗೆ! ಊರೆಲ್ಲಾ ನೋಡ್ತಿತ್ತು ಆಲ್ಸೀಡ್!"

ಆಲ್ಸೀಡ್ ಬಲೆಯ ಸುರುಳಿ ಕೆಳಗಿಳಿಸಿದ.

"ಸಿಂಪಿ ಬಿಡಿಸೋಕೆ ಹೋಗಿ ಅಂಗೈ ಕುಯ್ಕೊಂಡಿದ್ಳು. ಹೊಲಿಗೆ ಹಾಕಿತ್ತು. ಆ ಖಾರ ಮುಟ್ಟೋಕಾಗುತ್ತಾ? ನೀನು ಅವಳ ಕೈ ನೋಡಲಿಲ್ವಾ?"

ಕೈ? ಆ ದಿನ ತಾನು ನೋಡಿದ್ದು ಅವಳ ನಗು ಮಾತ್ರ...

"ಅವಳಿಗೆ ನಿನ್ನ ಮೇಲೆ ಮನಸ್ಸಿತ್ತು," ಎಂದಳು, ಸೋಲಲಾರದೆ.

"ಇತ್ತೇನೋ. ನನಗಿರಲಿಲ್ಲ. ನನ್ನ ಮನಸ್ಸು ಮೇಜಿನ ನಿನ್ನ ತುದೀಲಿ ಕೂತಿತ್ತು. ತಲೆ ಎತ್ತಿ ನೋಡೋಷ್ಟರಲ್ಲಿ ಎದ್ದು ಹೋಗಿತ್ತು."

ಓಡೀಲ್ ಮುಖ ತಿರುಗಿಸಿದಳು. ಕಣ್ಣೀರು ಗಲ್ಲಕ್ಕಿಳಿಯಿತು.

"ಈಗ ನಿನ್ನ ಬ್ಯಾಂಕಿನಿಂದ ಕೊಂಡ್ರೂ ನಡೆಯುತ್ತಾ?"

"ಸರ್ಕಾರದವರನ್ನ ಕೇಳಬೇಕು. ಒಪ್ತಾರೆ ಅನ್ಸುತ್ತೆ. ಆಮೇಲೆ ಹೆಗ್ಗಣ, ಕಳೆ, ಮಳೆ, ತಪಾಸಣೆ ಎಲ್ಲಾ ನನ್ನ ತಲೆಮೇಲೆ. ನೀನು ಮನೆ ಕಟ್ಟು."

"ಮತ್ತೆ ನಾನು ನಿನ್ನ ಜೌಗಿಗೆ ಬರೋ ಕೆಲಸವೇ ಇರಲ್ವಾ?"

"ಕೆಲಸ ಇದ್ರೇ ಬರ್ತೀಯಾ?"

ಅವಳು ನೀರಿಗಿಳಿದು, ಬಲೆಯ ಇನ್ನೊಂದು ತುದಿ ಹಿಡಿದಳು.

ಸರ್ಕಾರದ ಒಪ್ಪಿಗೆ ಬಂದ ವಾರದ ಶುಕ್ರವಾರ, ಅದೇ ಅಂಗಳ, ಅದೇ ಮೇಜು. ಹಬೆಯಾಡುವ ಕೆಂಪು ರಾಶಿಗೆ ಓಡೀಲ್ ಕೈ ಚಾಚುವ ಮೊದಲೇ, ಸುಲಿದ ಸಿಗಡಿಯೊಂದು ಅವಳ ಮುಂದೆ ಬಂತು. ಇನ್ನೊಂದು. ಮತ್ತೊಂದು.

ಇಡೀ ಮೇಜು ಅವರತ್ತ ತಿರುಗಿತು. ಯೂಲಾ ಅತ್ತೆ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು.

"ನನ್ನ ಕೈಗೇನೂ ಆಗಿಲ್ಲ, ಆಲ್ಸೀಡ್," ಓಡೀಲ್ ಪಿಸುಗುಟ್ಟಿದಳು, ಕೆಂಪಾಗುತ್ತಾ.

"ಗೊತ್ತು," ಎಂದು ಅವನು ಇನ್ನೊಂದನ್ನು ಸುಲಿದ.