ಹಳ್ಳದ ಆಚೆ ಬಿಟ್ಟದ್ದು

"ಒಂದ ದಿನ ಕೊಡ್ರಿ ಮೇಡಮ್ಮಾರ. ಅಜ್ಜಿನ್ನ ಹೊಸ ಹಳ್ಳ ದಾಟಿಸಿ ಬಿಟ್ಟು ಬರ್ತೀವಿ. ಆಮ್ಯಾಲೆ ನೀರು ತಿರುಗಸ್ರಿ."

ಭೀಮಕ್ಕ ಕೈಮುಗಿದು ನಿಂತಾಗ ಹೇಮಾಗೆ ನಗು ಬಂತು. ಗಂಗಾವತಿಗೆ ವರ್ಗವಾಗಿ ಬಂದ ಎಂಜಿನಿಯರು ಅವಳು. ಮಳೆಗಾಲದಲ್ಲಿ ಓಣಿಗಳಿಗೆ ನುಗ್ಗುವ ಹಳ್ಳವನ್ನು ನೇರ ಮಾಡಿ ತಡೆಗೋಡೆ ಕಟ್ಟಿಸುವುದು ಅವಳ ಕೆಲಸ. ಹಳ್ಳಕ್ಕೆ ಹೊಸ ಪಾತ್ರ ತೋಡಿಯಾಗಿತ್ತು. ನೀರು ತಿರುಗಿದರೆ ಆಚೆ ದಂಡೆಯ ಬೇವಿನ ಮರ ಊರಿನ ಬದಿಗೇ ಸೇರುತ್ತಿತ್ತು, ನಡುವೆ ಹಳ್ಳ ಇರುತ್ತಿರಲಿಲ್ಲ.

ಮರದ ಬುಡದಲ್ಲಿ ಮೊರಗಳ ರಾಶಿ. ಊರವರು ಮನೆಗೆ ಬಂದ ಜಡ್ಡು ಜ್ವರವನ್ನು ಅಜ್ಜಿ ಎಂದು ಕರೆದು, ಹೋಳಿಗೆ ಎಡೆಮಾಡಿ, ಹಸಿರು ಬಳೆ ಇಟ್ಟು, ಮೊರದಲ್ಲಿ ಹೊತ್ತು ಹಳ್ಳದ ಆಚೆ ಬಿಟ್ಟು ಬರುತ್ತಾರೆ. ಬರುವಾಗ ತಿರುಗಿ ನೋಡುವುದಿಲ್ಲ. ನಡುವೆ ನೀರಿರುವವರೆಗೆ ಅಜ್ಜಿ ಮರಳುವುದಿಲ್ಲ.

"ಹೆಣ್ಮಕ್ಕಳಿಗೆ ಬಸ್ಸು ಫ್ರೀ ಐತಲ್ಲ ಭೀಮಕ್ಕ? ಆಧಾರ್ ಕಾರ್ಡು ತೋರಿಸಿ ಎಲ್ಲಿಗರ ಹೋಗ್ಲಿ ನಿಮ್ಮ ಅಜ್ಜಿ."

ಕೂಲಿಯವರು ನಕ್ಕರು. ಭೀಮಕ್ಕ ನಗಲಿಲ್ಲ. "ಹಂಗ ಆಡಬ್ಯಾಡ್ರಿ. ಹೊಳ್ಳಿ ಬಂದ್ರ ಯಾವ ಮನಿ ಅಂತ ಕೇಳ್ತಾಳ. ತೋರಿಸಿದ ಮನಿಗೆ ಹೋಗ್ತಾಳ."

ಭೀಮಕ್ಕ ಎದುರು ಮನೆಯವಳು. ಹೇಮಾ ಕೆಲಸಕ್ಕೆ ಹೋದರೆ ಅವಳ ತೊದಲು ಮಾತಿನ ಮಗಳನ್ನು ತನ್ನ ಮೊಮ್ಮಗ ಯಮನೂರನ ಜೊತೆ ಕೂರಿಸಿ ಉಣಿಸುವವಳು. ಹೇಮಾ ಅದನ್ನು ನೆನೆಯಲಿಲ್ಲ. ಜೆಸಿಬಿಯವನಿಗೆ ಕೈಬೀಸಿದಳು. ಮರದ ಬುಡದ ಬಳೆಗಳು ಚೂರಾದವು. ನೀರು ತಿರುಗಿತು.

ಮುಸ್ಸಂಜೆಗೆ ಮಗಳ ಮೈ ಕೆಂಡ. ಕರೆಂಟು ಹೋಯಿತು. ಮಗಳನ್ನು ಎತ್ತಿಕೊಂಡು ದವಾಖಾನೆಗೆಂದು ಬಾಗಿಲು ತೆರೆದರೆ ರಾಡಿಯ ವಾಸನೆ, ಹಳಸಿದ ಹೋಳಿಗೆಯ ವಾಸನೆ. ಬಳೆಗಳ ಸದ್ದು.

ಹೊಸ್ತಿಲಾಚೆ ಯಾರೋ ನಿಂತಿದ್ದರು. ಮೊಣಕೈವರೆಗೆ ಒಡೆದ ಬಳೆ. ಎದೆಗೆ ಅವಚಿದ ಮೊರ. ಅದರಿಂದ ತೊಟ್ಟಿಕ್ಕುವ ಕೆಸರು.

"ಯಾವ ಮನಿ?"

ಹೇಮಾ ಒಂದು ಹೆಜ್ಜೆ ಹಿಂದೆ ಸರಿದಳು. "ಇದಲ್ಲ."

"ಯಾವ ಮನಿ?"

ಮಗಳ ಉಸಿರು ಸಿಕ್ಕಿಕೊಂಡಿತು. ಬಿಟ್ಟಿತು. ಮತ್ತೆ ಸಿಕ್ಕಿಕೊಂಡಿತು. ಎದುರು ಮನೆಯಲ್ಲಿ ದೀಪವಿತ್ತು. ದೀಪದ ಮುಂದೆ ಯಮನೂರ ಆಡುತ್ತಿದ್ದ. ಹೇಮಾ ಅವನನ್ನು ನೋಡಿದಳು. ಚೆನ್ನಾಗಿಯೇ ನೋಡಿದಳು. ಕೈ ಎದ್ದಿತು. ಬೆರಳು ಚಾಚಿತು.

ಬಳೆಗಳ ಸದ್ದು ಓಣಿ ದಾಟಿತು. ಮಗಳ ಹಣೆ ತಣ್ಣಗಾಯಿತು.

ಬೆಳಗ್ಗೆ ಭೀಮಕ್ಕ ಬಂದಳು. ಕೆದರಿದ ತಲೆ, ಕೈಯಲ್ಲಿ ಬೇವಿನ ಸೊಪ್ಪು.

"ಯಮನೂರಗ ಮೈ ಸುಡಾಕತ್ತೈತಿ ಯವ್ವಾ. ನನ್ನ ಗುರ್ತಾನ ಹಿಡಿವಲ್ಲ. ಆಟೋ ಬರೂದ್ರಾಗ ನಿನ್ನ ಬಾಗಲಿಗೆ ಇಷ್ಟು ಬೇವು ಸಿಗಸಿ ಹೋಗ್ತೀನಿ. ನಿನ್ನ ಕೂಸರ ಛಲೋ ಇರ್ಲಿ." ಬೇವು ಸಿಗಿಸುತ್ತಾ ಬಿಕ್ಕಿದಳು. "ನಮ್ಮ ಮನಿ ಯಾರು ತೋರಿಸಿದ್ರೋ ಏನೋ."

ಹೇಮಾಳ ಕಂಕುಳಲ್ಲಿದ್ದ ಮಗು ಭೀಮಕ್ಕನನ್ನು ಕಂಡು ನಕ್ಕಿತು. ಹೊಸದಾಗಿ ಕಲಿತ ಆಟವನ್ನು ತೋರಿಸುವಂತೆ ಪುಟ್ಟ ಬೆರಳನ್ನು ಎದುರು ಮನೆಯ ಕಡೆ ಚಾಚಿತು.

"ಅವ್ವ ಹಿಂಗ ಮಾಡಿತು," ಎಂದಿತು.

ಬೇವು ಸಿಗಿಸುತ್ತಿದ್ದ ಕೈ ನಿಂತಿತು.